ಊರಲ್ಲಿ ಯುವಕ ಸಂಘ ಕಟ್ಟುವ ಮುನ್ನ

ಕುಮಾರಸ್ವಾಮಿ ಲೇಔಟ್‌ನ ಪಿ.ಜಿ.ಗಳಲ್ಲಿದ್ದು ದಯಾನಂದ ಸಾಗರ ಕಾಲೇಜಿನಲ್ಲಿ ಓದುತ್ತಿರುವ ಹಳ್ಳಿಯ ಹುಡುಗ ಹುಡುಗಿಯರೇ, ಹಬ್ಬಕ್ಕೆ ಊರಿಗೆ ಹೋದಾಗ ಸಂಘ ಕಟ್ಟುವ ಮಾತು ಬಂದೇ ಬರುತ್ತದೆ. ದಯವಿಟ್ಟು ಫ್ಲೆಕ್ಸು, ಟೀಶರ್ಟುಗಳಿಂದ ಶುರು ಮಾಡಬೇಡಿ. ಗ್ರಾಮಸಭೆಯಿಂದ ಶುರು ಮಾಡಿ. 18 ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವೂ ಅದರ ಸದಸ್ಯರೇ. ಉರಿಯದ ಬೀದಿದೀಪಗಳ ಕಂಬದ ನಂಬರು ಬರೆದುಕೊಂಡು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮುಂದಿನ ಸಭೆಯಲ್ಲಿ ಏನಾಯಿತೆಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಏಳಬೇಡಿ. ನಾಯಕತ್ವ ಕಲಿಯುವುದು ಹೀಗೆಯೇ.

ರಾತ್ರಿ ಹೊತ್ತು ಅರಳಿಕಟ್ಟೆಯಲ್ಲಿ ಸಭೆ ಬೇಡ. ಹುಡುಗಿಯರಿಗೆ ಬರಲಾಗುವುದಿಲ್ಲ, ಕೇರಿಯ ಹುಡುಗರೂ ಹಿಂಜರಿಯುತ್ತಾರೆ. ಹಗಲಲ್ಲಿ, ಪಂಚಾಯಿತಿ ಗ್ರಂಥಾಲಯದಲ್ಲಿ ಸೇರಿ. ನನ್ನ ಮಟ್ಟಿಗೆ ಎಲ್ಲರೂ ಬರುವಂತಿರುವುದೇ ಎಲ್ಲಕ್ಕಿಂತ ಮುಖ್ಯ. ಇದೆಲ್ಲ ಕಷ್ಟವೆನಿಸಿದರೆ ನೆನಪಿಡಿ, ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳು ತಮ್ಮದೇ ಪಂಚಾಯಿತಿ ನಡೆಸಿ ಊರಿನ ತೊಂದರೆಗಳನ್ನು ದೊಡ್ಡವರ ಮುಂದಿಟ್ಟಿದ್ದರು. ನಿಮ್ಮಿಂದ ಆಗದೇ?

ಸಂಘದ ನೋಂದಣಿಗೆ ಅವಸರವಿಲ್ಲ, ಮಾಡಿಸುವಾಗ 1960ರ ಸಂಘಗಳ ಕಾಯ್ದೆಯಡಿ 7 ಜನರಿದ್ದರೆ ಸಾಕು. ಅಧ್ಯಕ್ಷರ ಸ್ಥಾನವನ್ನು ಮಾತ್ರ ಊರಲ್ಲೇ ಇರುವವರಿಗೆ ಬಿಟ್ಟುಕೊಡಿ. ಬೆಂಗಳೂರಲ್ಲಿರುವ ನೀವು ಅರ್ಜಿ ಬರೆದುಕೊಡಿ, ಲೆಕ್ಕಪತ್ರ ನೋಡಿಕೊಳ್ಳಿ.