ಹಳೆಯ ಪೆಟ್ರೋಲ್ ಗಾಡಿಯ ಆಮ್ಲಜನಕ ಸೆನ್ಸರ್: ಬದಲಿಸುವ ಮುನ್ನ ಪರೀಕ್ಷಿಸಿ

ತರಕಾರಿ, ಹೂವು, ಹಾಲು ಸಾಗಿಸಲು ಹಳೆಯ ಪೆಟ್ರೋಲ್ ಕಾರು ಅಥವಾ ವ್ಯಾನನ್ನು ಬಳಸುವ ರೈತರು ಅನೇಕರಿದ್ದಾರೆ. ಇಂತಹ ಗಾಡಿ ಹೆಚ್ಚು ಪೆಟ್ರೋಲ್ ಕುಡಿಯತೊಡಗಿ, ಇಂಜಿನ್ ಚಿತ್ರದ ಹಳದಿ ದೀಪ ಆರದೆ ಉರಿಯುತ್ತಿದ್ದರೆ ‘ಆಮ್ಲಜನಕ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು’ ಎಂಬ ಸಲಹೆ ಬರುವುದು ಸಾಮಾನ್ಯ. ಆದರೆ ಎಲೆ ಹಳದಿಯಾದೊಡನೆ ಯೂರಿಯಾ ಸುರಿಯುವುದು ಹೇಗೆ ತರವಲ್ಲವೋ ಇದೂ ಹಾಗೆಯೇ. ಬುಡದಲ್ಲಿ ನೀರು ನಿಂತು ಎಲೆ ಹಳದಿಯಾಗಿದ್ದರೆ ಗೊಬ್ಬರದ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಮೊದಲು ಕಾರಣ ತಿಳಿಯಬೇಕು, ಅನಂತರ ಪರಿಹಾರ.

ಸೆನ್ಸರ್ ಕೆಲಸ ಮಾಡುವ ಬಗೆ

ಕಾರ್ಬ್ಯುರೇಟರಿಗೆ ಬದಲಾಗಿ ಇಂಜೆಕ್ಟರ್ ಮತ್ತು ಕಂಪ್ಯೂಟರ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಈ ಸಾಧನವಿರುತ್ತದೆ. ಹಳೆಯ ಡೀಸೆಲ್ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಲ್ಲಿ ಇರುವುದಿಲ್ಲ. ಬಾಷ್ ಕಂಪನಿ ತಯಾರಿಸಿದ ಈ ಸೆನ್ಸರ್ ಮೊದಲು ಬಂದದ್ದು 1976ರಲ್ಲಿ, ಸ್ವೀಡನ್ನಿನ ವೋಲ್ವೊ ಕಾರುಗಳಲ್ಲಿ. ನೋಡಲು ಸ್ಪಾರ್ಕ್ ಪ್ಲಗ್ಗಿನಂತಿದ್ದು, ಇಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗೆ ತಿರುಪಿ ಕೂರಿಸಿರುತ್ತಾರೆ.

ಪೆಟ್ರೋಲ್ ಪೂರ್ಣವಾಗಿ ಉರಿಯಲು 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಸೆನ್ಸರಿನ ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂತಹ ವಸ್ತುವಿದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾದ ಮೇಲೆ, ಹೊಗೆಯಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಅದು 0.8ರಿಂದ 0.9 ವೋಲ್ಟ್, ಹೆಚ್ಚಿದ್ದರೆ 0.1ರಿಂದ 0.2 ವೋಲ್ಟ್ ವಿದ್ಯುತ್ ಕೊಡುತ್ತದೆ. ಇದನ್ನು ನೋಡಿ ಕಂಪ್ಯೂಟರ್ ಪೆಟ್ರೋಲನ್ನು ಒಮ್ಮೆ ತಗ್ಗಿಸಿ, ಒಮ್ಮೆ ಏರಿಸಿ ಹದ ಕಾಯುತ್ತದೆ. ಆದ್ದರಿಂದ ಒಳ್ಳೆಯ ಸೆನ್ಸರಿನ ವೋಲ್ಟೇಜ್ ಒಂದೆಡೆ ನಿಲ್ಲದೆ ಏರಿಳಿಯುತ್ತಲೇ ಇರುತ್ತದೆ.

ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಅಂಶವೊಂದಿದೆ. ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಮಾತ್ರ ಅಳೆಯುತ್ತದೆ.

ಮೊದಲು ನೋಡಬೇಕಾದವು

1. ಹೊಗೆಕೊಳವೆಯ ಸೋರಿಕೆ: ಸೆನ್ಸರಿಗಿಂತ ಮುಂಚೆ ಕೊಳವೆ ಬಿರಿದಿದ್ದರೆ ಅಥವಾ ಗ್ಯಾಸ್ಕೆಟ್ ಹಾಳಾಗಿದ್ದರೆ ಹೊರಗಾಳಿ ಒಳಸೇರುತ್ತದೆ. ಪೆಟ್ರೋಲ್ ಸಾಲದೆಂದು ತಿಳಿದು ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ.

2. ಕಿಡಿ ತಪ್ಪುವುದು: ಒಂದು ಪ್ಲಗ್ಗು ಕಿಡಿ ಕೊಡದಿದ್ದರೆ ಆ ಸಿಲಿಂಡರಿನ ಗಾಳಿ ಬಳಕೆಯಾಗದೆ ಹೊರಬೀಳುತ್ತದೆ. ಪೆಟ್ರೋಲ್ ಉರಿಯದೆ ಪೋಲಾಗುತ್ತಿದ್ದರೂ ಸೆನ್ಸರ್ ‘ಆಮ್ಲಜನಕ ಹೆಚ್ಚಿದೆ’ ಎಂದೇ ತೋರಿಸುತ್ತದೆ.

3. ಬಿರಿದ ರಬ್ಬರ್ ಕೊಳವೆಗಳು, ಕಟ್ಟಿಕೊಂಡ ಏರ್ ಫಿಲ್ಟರ್, ಇಲಿ ಕಡಿದ ತಂತಿಗಳು, ಉರಿದುಹೋದ ಫ್ಯೂಸು.

ಪರೀಕ್ಷಿಸುವ ಕ್ರಮ

ಗಾಡಿಯನ್ನು ಬಯಲಲ್ಲಿ ನಿಲ್ಲಿಸಿಯೇ ಪರೀಕ್ಷಿಸಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯಬಲ್ಲದು. ಮುಳ್ಳಿನ ಮೀಟರ್ ಬೇಡ, ಡಿಜಿಟಲ್ ಮಲ್ಟಿಮೀಟರ್ ಬಳಸಬೇಕು. ಸೆನ್ಸರಿನ ಸಂಕೇತ ತಂತಿಗೆ ಓಮ್ಸ್ ಅಳತೆ ಹಚ್ಚಬಾರದು.

ಇಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ. ಕನೆಕ್ಟರನ್ನು ಬಿಚ್ಚದೆ, ಅದರ ಹಿಂಬದಿಯಿಂದ ಸಪೂರ ಪಿನ್ನು ತೂರಿಸಿ ಸಂಕೇತ ತಂತಿಗೆ ಮೀಟರ್ ಜೋಡಿಸಿ. ತಂತಿಯ ಬಣ್ಣ ಗಾಡಿಯಿಂದ ಗಾಡಿಗೆ ಬೇರೆಯಾಗುವುದರಿಂದ ವೈರಿಂಗ್ ನಕ್ಷೆಯನ್ನು ನೋಡಿಕೊಳ್ಳಿ. ಇಂಜಿನ್ನನ್ನು ನಿಮಿಷಕ್ಕೆ ಸುಮಾರು 2,000 ಸುತ್ತಿನಲ್ಲಿ ಓಡಿಸಿ ಗಮನಿಸಿ:

* ವೋಲ್ಟೇಜ್ 0.2 ಮತ್ತು 0.8ರ ನಡುವೆ ಚುರುಕಾಗಿ ಏರಿಳಿದರೆ ಸೆನ್ಸರ್ ಚೆನ್ನಾಗಿದೆ. ಏರಿಳಿತ ಬಹಳ ನಿಧಾನವಾಗಿದ್ದರೆ ಅದಕ್ಕೆ ವಯಸ್ಸಾಗಿದೆ.
* ಕೆಳಗೇ ನಿಂತಿದ್ದರೆ ಆಕ್ಸಿಲರೇಟರನ್ನು ಒಮ್ಮೆ ಝಟ್ಟನೆ ಒತ್ತಿ. 0.8ಕ್ಕೆ ಜಿಗಿದರೆ ಸೆನ್ಸರಿಗೆ ಜೀವವಿದೆ. ದೋಷ ಸೋರಿಕೆಯಲ್ಲೋ ಕಿಡಿಯಲ್ಲೋ ಪೆಟ್ರೋಲ್ ಸರಬರಾಜಿನಲ್ಲೋ ಇದೆ.
* ಮೇಲೇ ನಿಂತಿದ್ದರೆ ಇಂಜಿನ್ ಗಾಳಿ ಎಳೆಯುವ ಕಡೆಯ ಒಂದು ಸಣ್ಣ ರಬ್ಬರ್ ಕೊಳವೆಯನ್ನು ಕ್ಷಣಕಾಲ ಬಿಡಿಸಿ. ವೋಲ್ಟೇಜ್ ಇಳಿದರೆ ಸೆನ್ಸರ್ ನಿಜ ಹೇಳುತ್ತಿದೆ. ಪೆಟ್ರೋಲ್ ಏಕೆ ಹೆಚ್ಚಾಗಿದೆ ಎಂಬುದನ್ನು ಹುಡುಕಬೇಕು.
* ಎರಡಕ್ಕೂ ಅಲುಗದಿದ್ದರೆ ತಂತಿ ಕಡಿದಿಲ್ಲವೆಂದು ಖಚಿತಪಡಿಸಿಕೊಂಡು ಸೆನ್ಸರ್ ಬದಲಿಸಬಹುದು.

ನಾಲ್ಕು ತಂತಿಯ ಸೆನ್ಸರಿನಲ್ಲಿ ಎರಡು ತಂತಿಗಳು ಅದನ್ನು ಬೇಗ ಕಾಯಿಸುವ ಹೀಟರಿನವು. ಇಂಜಿನ್ ತಣ್ಣಗಿರುವಾಗ ಕನೆಕ್ಟರ್ ಬಿಚ್ಚಿ ಆ ಎರಡರ ನಡುವೆ ಮಾತ್ರ ಓಮ್ಸ್ ಅಳೆಯಿರಿ. ಕೆಲವು ಓಮ್ಸ್ ತೋರಿಸಬೇಕು. ಸಂಪರ್ಕವೇ ಇಲ್ಲದಿದ್ದರೆ ಹೀಟರ್ ಕಡಿದಿದೆ.

ಹೊಸದನ್ನು ಹಾಕುವಾಗ

ತುದಿಯ ಮೇಲೆ ಕಪ್ಪು ಮಸಿ ಕಂಡರೆ ಪೆಟ್ರೋಲ್ ಅತಿಯಾಗಿದೆ. ಬಿಳಿ ಪುಡಿಯಂತಿದ್ದರೆ ಸಿಲಿಕೋನ್ ಅಂಟು ಅಥವಾ ಇಂಜಿನ್ನಿನೊಳಗೆ ಸೋರುವ ಕೂಲೆಂಟ್ ಕಾರಣವಿರಬಹುದು. ಈ ಮೂಲದೋಷ ಸರಿಪಡಿಸದೆ ಹೊಸ ಸೆನ್ಸರ್ ಹಾಕಿದರೆ ಅದೂ ಕೆಡುತ್ತದೆ. ತುದಿಗೆ ಎಣ್ಣೆ, ಗ್ರೀಸು, ಅಂಟು ತಾಗಿಸಬಾರದು. ತಂತಿಗಳ ಸಂಖ್ಯೆ ಹಳೆಯದಕ್ಕೆ ಸರಿಹೊಂದಬೇಕು.

ಅಲಕ್ಷ್ಯದಿಂದ ಅಪಾಯ

ಉರಿಯದ ಪೆಟ್ರೋಲ್ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಮಿತಿಮೀರಿ ಕಾದು ಹಾಳಾಗುತ್ತದೆ. ಅದರ ಬೆಲೆ ಸೆನ್ಸರಿನದಕ್ಕಿಂತ ಬಹಳ ಹೆಚ್ಚು. ಅದಕ್ಕಿಂತ ದೊಡ್ಡ ಅಪಾಯ ನಮ್ಮ ಕಣದಲ್ಲಿದೆ. ಹೀಗೆ ಕಾದ ಗಾಡಿಯನ್ನು ಒಣಹುಲ್ಲು, ರಾಗಿಹುಲ್ಲು, ತರಗಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತಬಹುದು. ಹಳದಿ ದೀಪ ಉರಿಯುತ್ತಿರುವಾಗ, ಅದರಲ್ಲೂ ಇಂಜಿನ್ ಜರ್ಕು ಹೊಡೆಯುತ್ತಿದ್ದರೆ, ಗಾಡಿಯನ್ನು ಕಣಕ್ಕಾಗಲಿ ಬಣವೆಯ ಬಳಿಗಾಗಲಿ ಒಯ್ಯಬಾರದು.

ರೈತರು ತಾವೇ ಪರೀಕ್ಷಿಸಲಾಗದಿದ್ದಲ್ಲಿ ಮೆಕ್ಯಾನಿಕ್ಕಿಗೆ ‘ವೋಲ್ಟೇಜ್ ಏರಿಳಿತ ತೋರಿಸಿ, ಆಮೇಲೆ ಬದಲಿಸಿ’ ಎಂದು ಕೇಳಬೇಕು. ಇದರಿಂದ ವೃಥಾ ಖರ್ಚು ತಪ್ಪುವುದಲ್ಲದೆ ನಿಜವಾದ ದೋಷವೂ ಬೇಗ ಸಿಕ್ಕುತ್ತದೆ.