ಅಯಸ್ಕಾಂತವೂ ಲಿಥಿಯಂ ಬ್ಯಾಟರಿಯೂ

ಕಲಾವಿಭಾಗದವನಿಗೆ ಬ್ಯಾಟರಿಯ ಗೊಡವೆಯೇಕೆಂದು ವಾಚಕ ಮಿತ್ರರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಯಾವ ಯಂತ್ರ ಬಂದರೂ “ಇದರಿಂದ ಅಪಾಯವಿಲ್ಲವೇನಪ್ಪಾ?” ಎಂದು ಹಿರಿಯರು ನನ್ನನ್ನೇ ಕೇಳುತ್ತಾರೆ. ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಿಲ್ಲವೆಂಬುದಕ್ಕೆ ಇಲ್ಲೊಂದು ನಿದರ್ಶನ.

ಯುರೋಪಿನಲ್ಲಿ ಹಾಸಿಗೆ, ಒಲೆಗಳುಳ್ಳ ಕ್ಯಾಂಪರ್ ವ್ಯಾನುಗಳಲ್ಲಿ ಜನ ಊರೂರು ಸುತ್ತುತ್ತಾರೆ. ಅವುಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಧ್ವನಿವರ್ಧಕದ ಪಕ್ಕದಲ್ಲಿಡಬೇಕಾಗುವುದುಂಟು. ಅದರ ಅಯಸ್ಕಾಂತ ಬ್ಯಾಟರಿಯನ್ನು ಕೆಡಿಸೀತೆ? ಇಲ್ಲ. ಬ್ಯಾಟರಿ ನಡೆಯುವುದು ರಾಸಾಯನಿಕ ಕ್ರಿಯೆಯಿಂದ. ಅಂಥ ಅಯಸ್ಕಾಂತ ಅದನ್ನು ಬಾಧಿಸದು.

ಬಾಧೆಗೊಳಗಾಗುವುದು ದಿಕ್ಸೂಚಿ. ವಿದ್ಯುತ್ ಹರಿಯುವ ತಂತಿಯ ಬಳಿ ಅದರ ಮುಳ್ಳು ತಿರುಗುವುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಕಂಡನು. 100 ಆಂಪಿಯರ್ ಹರಿಯುವ ಒಂಟಿ ತಂತಿಯಿಂದ 10 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 200 ಮೈಕ್ರೋಟೆಸ್ಲಾ. ಅಲ್ಲಿ ಭೂಮಿಯದು ಸುಮಾರು 50 ಮಾತ್ರ. ಹೋಗುವ, ಬರುವ ತಂತಿಗಳನ್ನು ಜೊತೆಯಾಗಿ ಕಟ್ಟಿದರೆ ಒಂದರ ಪ್ರಭಾವವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ.

ನಿಜವಾದ ಅಪಾಯ ಬೇರೆ. ಅಯಸ್ಕಾಂತ ಸೆಳೆದ ಸ್ಪ್ಯಾನರು ಬ್ಯಾಟರಿಯ ಎರಡು ಧ್ರುವಗಳನ್ನು ಕೂಡಿಸಿದರೆ ನೂರಾರು ಆಂಪಿಯರ್ ಹರಿದು ಬೆಂಕಿ ಹೊತ್ತಬಹುದು. ಆದ್ದರಿಂದ ಧ್ರುವಗಳಿಗೆ ಮುಚ್ಚಳವೂ ಧನಧ್ರುವದ ಹತ್ತಿರವೇ ಫ್ಯೂಸೂ ಇರಲೇಬೇಕು. ಅಂಜಿಕೆ ಸಲ್ಲಬೇಕಾದದ್ದು ಕಾಣದ ಕಾಂತಕ್ಕಲ್ಲ, ಕಣ್ಣೆದುರಿನ ಅಜಾಗ್ರತೆಗೆ.