ಕಂಪನಿ ಆಮೇಲೆ, ಕರಾರು ಮೊದಲು

ಧಾರವಾಡದ ನಮ್ಮ ಕಚೇರಿಗೆ ಬರುವ ಕಾಲೇಜು ಹುಡುಗ ಹುಡುಗಿಯರ ಬೇಡಿಕೆ ಬಹುತೇಕ ಒಂದೇ: ‘ಸರ್, ಒಂದ್ ಕಂಪನಿ ರಜಿಸ್ಟರ್ ಮಾಡ್ಸಿ ಕೊಡ್ರಿ.’ ಸ್ತ್ರೀಶಕ್ತಿ ಸಂಘದವರ ರೊಟ್ಟಿಗೆ ಗಿರಾಕಿ ಹುಡುಕುವವರು, ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷಿಸುವ ಕಿಟ್ ಮಾಡಿದವರು, ಕಿವುಡ ಮಕ್ಕಳಿಗೆ ಆ್ಯಪ್ ಕಟ್ಟಿದವರು ಹೀಗೆ ಬರುತ್ತಾರೆ. ಹುರುಪಿಗೇನೂ ಬರವಿಲ್ಲ, ವಕೀಲರ ಫೀಗೆ ಮಾತ್ರ ದುಡ್ಡಿರುವುದಿಲ್ಲ. ಫೀ ತೆಗೆದುಕೊಳ್ಳದೆ ಇವರ ಕಾಗದಪತ್ರ ನೋಡುತ್ತ ಬಂದ ನನಗೆ ಹೆಚ್ಚು ಉಪಯೋಗಕ್ಕೆ ಬಿದ್ದ ಸಲಹೆಯೆಂದರೆ ‘ಸದ್ಯಕ್ಕೆ ನೋಂದಣಿ ಬೇಡ’ ಎನ್ನುವುದು.

‘ದುಡ್ಡು ಯಾರು ಕೊಡ್ತಾರ?’ ಎಂದು ಕೇಳಿದರೆ ಮುಕ್ಕಾಲು ತಂಡಗಳ ಉತ್ತರ ‘ಸಿಎಸ್‌ಆರ್’. ಆದರೆ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಸಿಎಸ್‌ಆರ್ ಹಣ ಸಾಮಾನ್ಯ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ದೇಣಿಗೆಯಾಗಿ ಬರುವಂತಿಲ್ಲ. ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ ಇರುವ ಟ್ರಸ್ಟು, ಸೊಸೈಟಿ ಅಥವಾ ಕಂಪನಿ ಕಾಯ್ದೆಯ ಸೆಕ್ಷನ್ 8ರಡಿಯ ಕಂಪನಿಯೇ ಆಗಬೇಕು. ಹಣ ಕೊಡುವ ಕಂಪನಿ ತಾನೇ ಕಟ್ಟಿದ್ದಲ್ಲದ ಹೊರಗಿನ ಸಂಸ್ಥೆಯಾದರೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವವನ್ನೂ ತೋರಿಸಬೇಕು. ಐದನೇ ಸೆಮಿಸ್ಟರ್‌ನ ತಂಡಕ್ಕೆ ಅದು ಎಲ್ಲಿಂದ ಬರಬೇಕು? ಹೂಡಿಕೆದಾರರನ್ನು ನಂಬಿದರೆ ಲೆಕ್ಕ ಬೇರೆ. ಸೆಕ್ಷನ್ 8 ಕಂಪನಿ ಲಾಭಾಂಶ ಹಂಚುವಂತಿಲ್ಲ, ಹಾಗಾಗಿ ಪಾಲು ಬಯಸುವವರು ಅತ್ತ ಸುಳಿಯುವುದಿಲ್ಲ. ಸೊಸೈಟಿ ಎಂದರೆ 1960ರ ರಾಜ್ಯ ಕಾಯ್ದೆಯಂತೆ ಕನಿಷ್ಠ 7 ಜನ ಬೇಕು, ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಅದಕ್ಕೂ ಇಲ್ಲ, ಟ್ರಸ್ಟಿಗೂ ಇಲ್ಲ. ಹಣದ ದಾರಿ ಗೊತ್ತಾಗುವ ಮೊದಲೇ ಸಂಸ್ಥೆಯ ರೂಪ ಆರಿಸುವುದೆಂದರೆ ಅಳತೆ ಕೊಡದೆ ಅಂಗಿ ಹೊಲಿಸಿದಂತೆ.

ಇನ್ನೊಂದು ಪೇಚು ಡಿಗ್ರಿ ಮುಗಿದ ಮೇಲೆ ಶುರುವಾಗುತ್ತದೆ. ವ್ಯವಹಾರ ನಡೆಯಲಿ, ಬಿಡಲಿ, ಕಂಪನಿಯ ಆಡಿಟ್ ಪ್ರತಿವರ್ಷ ಆಗಲೇಬೇಕು. ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಸಲ್ಲಿಸಲು ತಡವಾದರೆ 2018ರಿಂದ ಪ್ರತಿ ಫಾರ್ಮಿಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸತತ 3 ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು 5 ವರ್ಷ ಬೇರೆ ಯಾವ ಕಂಪನಿಗೂ ನಿರ್ದೇಶಕರಾಗುವಂತಿಲ್ಲ. ಸ್ಪರ್ಧೆಯೊಂದರ ಬಹುಮಾನಕ್ಕಾಗಿ ಕಂಪನಿ ಮಾಡಿ, ನೌಕರಿ ಸಿಕ್ಕೊಡನೆ ಅದನ್ನು ಮರೆತು, ನೋಟಿಸು ಬಂದಾಗ ಗಾಬರಿಯಾಗಿ ಓಡಿಬಂದವರೂ ಇದ್ದಾರೆ. ವಕೀಲರ ಫೀ ಬಿಟ್ಟುಕೊಡಬಹುದು, ಈ ಶುಲ್ಕ ಬಿಟ್ಟುಕೊಡುವವರಿಲ್ಲ.

ಗದಗ ಕಡೆಯ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಬಿತ್ತನೆಗೆ ಶೇಂಗಾ ಸುಲಿಯುವ ಹೆಂಗಸರಿಗಾಗಿ ಕಾಲಿನಿಂದ ತುಳಿದು ನಡೆಸುವ ಯಂತ್ರ ಅವರದು. ಕಾಳು ಒಡೆಯದಂತೆ ಜರಡಿಯ ಬಳಿ ಮಾಡಿದ ಚಿಕ್ಕ ಬದಲಾವಣೆಯಲ್ಲೇ ಅದರ ಗುಟ್ಟು. ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೊರಡುವ ಆತುರದಲ್ಲಿದ್ದರು. ಜನರೆದುರು ಬಿಚ್ಚಿಟ್ಟ ಮೇಲೆ ಅದು ಹೊಸದೆಂದು ಹೇಳಿ ಪೇಟೆಂಟ್ ಕೇಳುವುದು ಕಷ್ಟ. ಅದಕ್ಕೇ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿಸಿದೆವು. ವ್ಯಕ್ತಿಗಳ ಹೆಸರಲ್ಲಿ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ, ಪೂರ್ಣ ವಿವರಣೆ ಕೊಡಲು 12 ತಿಂಗಳ ಸಮಯ. ಯಂತ್ರ ಕಾಲೇಜಿನ ವರ್ಕ್‌ಶಾಪಿನಲ್ಲಿ ತಯಾರಾಗಿದ್ದರಿಂದ ಹಕ್ಕು ಯಾರದೆಂದು ಪ್ರಾಂಶುಪಾಲರಿಂದ ಪತ್ರವನ್ನೂ ಬರೆಸಿಕೊಂಡರು.

ಗೆಳೆಯರ ನಡುವಿನ ಕರಾರಿನ ಮಾತಿಗೆ ಮಾತ್ರ ಎಲ್ಲರೂ ಮುಜುಗರಪಟ್ಟರು. ‘ನಮ್ಮೊಳಗ ಎಂಥಾ ಕರಾರ್ ರೀ?’ ಎಂದಳು ಒಬ್ಬಳು. ಪ್ಲೇಸ್‌ಮೆಂಟ್ ಬಂದಾಗ ಯಾರು ಉಳಿಯುತ್ತೀರಿ ಎಂದು ಕೇಳಿದೆ. ನಾಲ್ವರೂ ಮುಖ ಮುಖ ನೋಡಿಕೊಂಡರು. ಮುಂದೆ ಕಂಪನಿಯಾದರೆ ಯಾರಿಗೆಷ್ಟು ಪಾಲು, ಆ ಪಾಲು ಕೆಲಸ ಮಾಡಿದ ವರ್ಷಗಳ ಲೆಕ್ಕದಲ್ಲಿ ಹೇಗೆ ಕೈಸೇರಬೇಕು, ಬಿಟ್ಟುಹೋದವರದು ಏನಾಗಬೇಕು ಎಂಬುದೆಲ್ಲ ಎರಡು ಪುಟದಲ್ಲಿ ಮುಗಿಯಿತು.

ಇಂಥ ನೆರವು ಎಲ್ಲಿ ಸಿಗುತ್ತದೆಂಬುದೇ ಬಹಳ ಜನರಿಗೆ ಗೊತ್ತಿಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲವಾದ್ದರಿಂದ ಬೋರ್ಡು ನೋಡಿ ತಿಳಿಯುವಂತೆಯೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಕಾಯ್ದೆ ಹೇಳುವ ಸೇವೆಯಲ್ಲಿ ಕಾನೂನು ಸಲಹೆಯೂ ಸೇರಿದೆ. ಆದರೆ ಜಿಲ್ಲಾ ಪ್ರಾಧಿಕಾರದ ಪ್ಯಾನೆಲ್ ವಕೀಲರು ನಿತ್ಯ ನೋಡುವುದು ಜಾಮೀನು, ಜೀವನಾಂಶ, ಜಮೀನಿನ ತಕರಾರು; ಷೇರು ಕರಾರು ಅಪರೂಪ. ಸ್ವಯಂಸೇವಾ ಸಂಸ್ಥೆಗಳಿಗೂ ಸಾಮಾಜಿಕ ಉದ್ಯಮಗಳಿಗೂ ಉಚಿತವಾಗಿ ವಕೀಲರನ್ನು ಜೋಡಿಸುವ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ನಿನ ‘ಟ್ರಸ್ಟ್‌ಲಾ’ 2010ರಿಂದ ಇದೆ. ಹತ್ತಿರದಲ್ಲೇ ಬೇಕೆಂದರೆ ಕಾನೂನು ಕಾಲೇಜಿನ ನೆರವು ಕೇಂದ್ರ. ಅಲ್ಲಿನ ವಿದ್ಯಾರ್ಥಿಗಳು ವಾದಿಸುವಂತಿಲ್ಲ, ವಕೀಲರ ಮೇಲ್ವಿಚಾರಣೆಯಲ್ಲಿ ಕರಡು ಬರೆಯಬಲ್ಲರು. ಶೇಂಗಾ ತಂಡದ ಕರಾರಿನ ಮೊದಲ ಕರಡು ಬರೆದದ್ದೂ ಅಂಥ ಇಬ್ಬರೇ.

ನಾಲ್ವರಲ್ಲಿ ಒಬ್ಬಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಕರಾರಿನಂತೆ ಅವಳ ಪಾಲು ಕಡಿಮೆಯಾಯಿತು, ಜಗಳವಾಗಲಿಲ್ಲ. ಕಂಪನಿ ಇನ್ನೂ ಆಗಿಲ್ಲ. ಹುಬ್ಬಳ್ಳಿಯ ಫ್ಯಾಬ್ರಿಕೇಟರ್ ಒಬ್ಬರು ಯಂತ್ರ ತಯಾರಿಸಲು ಲೈಸೆನ್ಸ್ ಕೇಳಿ ಕರಡು ಕಳಿಸಿದ್ದಾರೆ. ರಾಯಲ್ಟಿ ಪ್ರತಿ ಯಂತ್ರಕ್ಕೆ ಇಷ್ಟೆಂದು ಗೊತ್ತುಮಾಡಬೇಕೋ, ಮಾರಾಟದ ಮೊತ್ತದ ಮೇಲೆ ಕೇಳಬೇಕೋ ಎಂಬ ಚರ್ಚೆ ಸದ್ಯ ನಡೆದಿದೆ.